ಚೆಂಡು, ಗುಂಡಿ, ಗುಳ್ಳೆ

ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆ. ಹೆರಿಗೆ ವಾರ್ಡಿನ ಗದ್ದಲ ದಾಟಿ ಮುಂದೆ ಹೋದರೆ ಗೋಡೆ ತುಂಬ ಆನೆ, ಗಿಳಿ, ರೈಲುಗಾಡಿ. ಇದು ಡಿಇಐಸಿ (ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ), ಬೆಳವಣಿಗೆಯ ಹಿನ್ನಡೆಯೂ ಸೇರಿ ಮಕ್ಕಳ ಆರೋಗ್ಯದ ತೊಂದರೆಗಳನ್ನು ಬೇಗ ಗುರುತಿಸಲೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ. ಬೆಂಚಿನ ಮೇಲೆ ಮೊದಲ ಬಸ್ಸಿಗೇ ಹೊರಟು ಬಂದ ತಾಯಂದಿರು. ಕೈಯಲ್ಲಿ ತಾಯಿ ಕಾರ್ಡು, ಬುತ್ತಿ ಚೀಲ. ಅಂಗನವಾಡಿಗೆ ಬಂದಿದ್ದ ವೈದ್ಯರ ತಂಡ ಚೀಟಿ ಬರೆದು ಕಳಿಸಿದೆ. ಡಾಕ್ಟರು ಔಷಧ ಕೊಟ್ಟಾರೆಂಬ ಆಸೆ ಎಲ್ಲರಿಗೂ.

ಒಳಗೆ ಕಾಣುವುದು ಆಟಿಕೆಗಳು.

ಚಾಪೆಯ ಮೇಲೆ ದೊಡ್ಡ ನೀಲಿ ಚೆಂಡು. ಅದರ ಮೇಲೆ ಎರಡು ವರ್ಷದ ಹುಡುಗ ಬೋರಲು ಮಲಗಿದ್ದಾನೆ, ಸೆರೆಬ್ರಲ್ ಪಾಲ್ಸಿ. ಫಿಸಿಯೋಥೆರಪಿಸ್ಟ್ ಅವನ ಸೊಂಟ ಹಿಡಿದು ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ ಉರುಳಿಸುತ್ತಾರೆ. ಎದುರಿಗೆ ಗಿಲಕಿ ಸದ್ದು. ಹುಡುಗ ತಲೆ ಎತ್ತುತ್ತಾನೆ, ನಡುಗುತ್ತಾನೆ, ಮತ್ತೆ ಎತ್ತುತ್ತಾನೆ. “ನಡಿಯಾಕ ಕಲಸ್ರೀ ಅಂದ್ರ ಚೆಂಡಿನ ಮ್ಯಾಲ ಮಲಗಸ್ತೀರಲ್ರೀ?” ಎನ್ನುತ್ತಾಳೆ ಅಜ್ಜಿ. “ಕುತ್ತಿಗಿ ನಿಲ್ಲಲಿಲ್ಲಂದ್ರ ಸೊಂಟ ನಿಲ್ಲಂಗಿಲ್ಲ ಅಜ್ಜಿ, ಸೊಂಟ ನಿಲ್ಲಲಿಲ್ಲಂದ್ರ ಕಾಲು ನಿಲ್ಲಂಗಿಲ್ಲ.” ಮಿದುಳಿಗಾದ ಪೆಟ್ಟನ್ನು ವ್ಯಾಯಾಮ ಅಳಿಸಲಾರದು. ಸ್ನಾಯುಗಳು ಬಿಗಿದು ಕೀಲು ಮಡಚಿಕೊಳ್ಳುವುದನ್ನು ತಡೆಯಲು ಮಾತ್ರ ನೆರವಾಗಬಹುದು. ಕಾಲಿಗೆ ಕಟ್ಟುವ ಸ್ಪ್ಲಿಂಟೂ ಅದಕ್ಕೇ.

ಪಕ್ಕದ ಮೇಜಿನಲ್ಲಿ ಐದು ವರ್ಷದ ಹುಡುಗಿ ಕಡಲೆಕಾಳು ಹೆಕ್ಕಿ ಸೀಸೆಗೆ ಹಾಕುತ್ತಿದ್ದಾಳೆ. ಹೆಬ್ಬೆರಳು, ತೋರುಬೆರಳು ಎರಡರಿಂದಲೇ. ಆಮೇಲೆ ಬಟ್ಟೆಯ ಹಲಗೆಗೆ ಹೊಲಿದ ಗುಂಡಿಗಳ ಸರದಿ. ಅಪ್ಪನಿಗೆ ಬೇಸರ: “ಆಟ ಆಡಸಾಕ ಇಷ್ಟ ದೂರ ಬರಬೇಕೇನ್ರೀ?” ರೊಟ್ಟಿ ಮುರಿಯುವುದಕ್ಕೂ ಅಂಗಿ ತೊಡುವುದಕ್ಕೂ ಪೆನ್ಸಿಲ್ ಹಿಡಿಯುವುದಕ್ಕೂ ಈ ಎರಡು ಬೆರಳೇ ಬೇಕೆಂದು ಆಕ್ಯುಪೇಷನಲ್ ಥೆರಪಿಸ್ಟ್ ತಿಳಿಸುತ್ತಾರೆ. ಮಿಕ್ಸಿಯ ಸದ್ದಿಗೆ ಕಿರುಚುವ, ತಲೆ ಬಾಚಲು ಬಿಡದ ಮಕ್ಕಳನ್ನೂ ನೋಡುವವರು ಇವರೇ. ಮೂಲೆಯ ಜೋಕಾಲಿ ಅಂಥವರಿಗಾಗಿ.

ಮೂರನೆಯ ಕೋಣೆಯಲ್ಲಿ ಸೋಪಿನ ಗುಳ್ಳೆಗಳು. ವಾಕ್ ಚಿಕಿತ್ಸಕಿ ಊದಿ, ತಟ್ಟನೆ ನಿಲ್ಲಿಸಿ, ಕಾಯುತ್ತಾರೆ. ಮಗು ಅವರ ಮುಖ ನೋಡಿ ಕೈ ಚಾಚುತ್ತದೆ. “ಬೇಕಾ? ಗುಳ್ಳೆ ಬೇಕಾ?” ಮಗು “ಬೇ” ಎನ್ನುತ್ತದೆ. ಮತ್ತೆ ಗುಳ್ಳೆಗಳು ಹಾರುತ್ತವೆ. ಕೇಳುವ ಮೊದಲೇ ಎಲ್ಲವನ್ನೂ ಕೈಗಿಡುತ್ತಿದ್ದ ತಾಯಿ ಅಲ್ಲೇ ಕೂತು ಈ ಕಾಯುವಿಕೆಯನ್ನು ಕಲಿಯುತ್ತಿದ್ದಾಳೆ. ಇದಕ್ಕೂ ಮೊದಲು ಕಿವಿಯ ಪರೀಕ್ಷೆ ಆಗಿರಬೇಕು. ಮನೆಯಲ್ಲಿ ಎರಡು ಭಾಷೆ ಇದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ಸನ್ನೆ, ಚಿತ್ರದ ಕಾರ್ಡುಗಳು ಮಾತಿಗೆ ಅಡ್ಡಿಯಲ್ಲ, ಆಸರೆ.

ಥೆರಪಿಸ್ಟರ ಮುಂದೆ ಮಗು ಇರುವುದು ಮುಕ್ಕಾಲು ಗಂಟೆ. ಉಳಿದ ದಿನವೆಲ್ಲ ಮನೆಯವರ ಜೊತೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ ಸಿಗುವುದು ಇದೇ ಕಾರಣಕ್ಕೆ. ಶೇಂಗಾ ಸುಲಿಯುವಾಗ, ಹಿಟ್ಟು ನಾದುವಾಗ, ಸ್ನಾನ ಮಾಡಿಸುವಾಗ ಕೋಣೆಯಲ್ಲಿ ಕಲಿತದ್ದು ಬಳಕೆಗೆ ಬಂದರೆ ಮಾತ್ರ ಮಗುವಿಗೆ ದಕ್ಕುತ್ತದೆ.

“ಅವರಪ್ಪನೂ ತಡವಾಗೇ ಮಾತಾಡಿದ್ದು” ಎಂದು ಕಾಯುವುದು ಬೇಡ. 4 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, 9 ತಿಂಗಳಿಗೆ ಕೂರದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ, 2 ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ತೋರಿಸಿ. ಬಂದಾಗಲೆಲ್ಲ ಸಂಕೋಚವಿಲ್ಲದೆ ಕೇಳಿ: “ಇವತ್ತು ಮಾಡಿಸಿದ್ದು ಯಾತಕ್ಕೆ? ಮನೆಯಲ್ಲಿ ಹೇಗೆ ಮಾಡಿಸಲಿ?” ಇದನ್ನು ಕೇಳುವುದು ತಂದೆತಾಯಿಯ ಹಕ್ಕು, ತಿಳಿಯುವ ಹಾಗೆ ಉತ್ತರಿಸುವುದು ಚಿಕಿತ್ಸೆಯ ಭಾಗವೇ.