ಹೆಗಲಿಗೆ ಹಗುರ, ಕಳ್ಳರಿಗೆ ದೂರ

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳಕ್ಕೆ ಕಾಲಿಟ್ಟವರು ಮೊದಲು ಕತ್ತೆತ್ತಿ ನೋಡುತ್ತಾರೆ. ಮದನಿಕೆಯರು ಇರುವುದೇ ಸೂರಿನಡಿಯಲ್ಲಿ. ಹೊರಗಿನ ಸುತ್ತಿನಲ್ಲೇ 38 ಮಂದಿ. ಗೈಡ್ ದರ್ಪಣ ಸುಂದರಿಯತ್ತ ಕೈ ತೋರಿಸಿದ ಕೂಡಲೇ ಇಡೀ ಗುಂಪು ಆ ಕಡೆ ತಿರುಗುತ್ತದೆ, ಮೊಬೈಲುಗಳು ಮೇಲೇಳುತ್ತವೆ, ಹಿಂದಿನವರು ಮುಂದಿನವರಿಗೆ ಒತ್ತಿಕೊಂಡು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಬೆನ್ನ ಮೇಲಿರುವ ಬ್ಯಾಗಿನ ಜಿಪ್ ಯಾರ ಕೈಯಲ್ಲಿದೆ ಎಂಬುದು ಹೊತ್ತವರಿಗೆ ಗೊತ್ತಾಗುವುದಿಲ್ಲ.

ಈ ಪಾಡು ನಮ್ಮಲ್ಲಿ ಮಾತ್ರ ಇರುವುದಲ್ಲ. 2013ರ ಏಪ್ರಿಲ್ 10ರಂದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಬಾಗಿಲು ತೆರೆಯಲಿಲ್ಲ. ಗುಂಪು ಕಟ್ಟಿಕೊಂಡು ಒಳಗೆ ನುಗ್ಗುತ್ತಿದ್ದ ಜೇಬುಗಳ್ಳರ ಕಾಟ ತಾಳಲಾರದೆ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ನೋಡುವುದರಲ್ಲಿ ಮೈಮರೆತವರು ಎಲ್ಲಿ ಗುಂಪುಗೂಡುತ್ತಾರೋ ಅಲ್ಲಿಗೆ ಕಳ್ಳರೂ ಬರುತ್ತಾರೆ. ಹಾಗೆಂದು ಮೈಮರೆಯದೆ ಇರಲಾದೀತೇ? ಅಷ್ಟು ದೂರ ಹೋಗುವುದೇ ಮೈಮರೆತು ನೋಡುವುದಕ್ಕೆ. ನಾವು ಶಿಲ್ಪ ನೋಡುತ್ತಿರುವಾಗ ನಮ್ಮ ಪರವಾಗಿ ಎಚ್ಚರವಾಗಿರುವ ಬ್ಯಾಗ್ ಬೇಕು.

ಅಂಗಡಿಯಲ್ಲಿ ಬ್ಯಾಗ್ ಕೊಳ್ಳುವಾಗ ಎಷ್ಟು ಹಿಡಿಸುತ್ತದೆ, ಎಷ್ಟು ಜೇಬುಗಳಿವೆ ಎಂದು ಕೇಳುತ್ತೇವೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಬೆಳಿಗ್ಗೆ ಹಾಕಿಕೊಂಡ ಈ ಬ್ಯಾಗನ್ನು ಸಂಜೆ ರೂಮಿಗೆ ಮರಳುವಷ್ಟರಲ್ಲಿ ಎಷ್ಟು ಸಲ ಮೈಯಿಂದ ಇಳಿಸಬೇಕಾಗುತ್ತದೆ? ಹೋಟೆಲಿನ ಕುರ್ಚಿಯ ಬೆನ್ನಿಗೆ ತಗುಲಿಹಾಕಿದಾಗ, ಶೌಚಾಲಯದ ಬಾಗಿಲ ಹುಕ್ಕಿಗೆ ಸಿಕ್ಕಿಸಿದಾಗ, ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಪಕ್ಕದ ಕಟ್ಟೆಯ ಮೇಲೆ ಇಟ್ಟಾಗ ಬ್ಯಾಗ್ ಕೈತಪ್ಪುತ್ತದೆ. ಕಳ್ಳರೇ ಬರಬೇಕೆಂದಿಲ್ಲ, ನಮ್ಮ ಮರೆವೇ ಸಾಕು. ಇಳಿಸಬೇಕಾಗಿ ಬರದ ಬ್ಯಾಗೇ ಸುರಕ್ಷಿತ ಬ್ಯಾಗ್. ಅಳತೆ, ತೂಕ, ಪಟ್ಟಿ, ಜಿಪ್ ಎಲ್ಲವನ್ನೂ ಈ ಒಂದು ಲೆಕ್ಕದ ಮೇಲೆಯೇ ಅಳೆಯಬೇಕು.

ಅಜ್ಜಿಯರ ಸಂಚಿಯಲ್ಲಿದ್ದ ವಿದ್ಯೆ

ಇದು ನಮಗೆ ಹೊಸ ವಿದ್ಯೆಯೇನಲ್ಲ. ಎಲೆಅಡಿಕೆ ಸಂಚಿಯನ್ನು ನೋಡಿ. ಬಾಯಿಗೆ ದಾರ, ಒಳಗೆ ಒಂದರ ಹಿಂದೊಂದು ಅರೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಕೈಗೆ ಸುಲಭವಾಗಿ ಸಿಗುವ ಕಡೆ. ದುಡ್ಡು ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ. ಬಾಯಿ ಬಿಗಿದು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಜಾತ್ರೆಯ ನೂಕುನುಗ್ಗಲಿನಲ್ಲೂ ಅದು ಅಲುಗುತ್ತಿರಲಿಲ್ಲ. ಪದೇಪದೇ ಬೇಕಾಗುವುದು ಹೊರಗೆ, ಕಳೆಯಬಾರದ್ದು ಒಳಗೆ, ಇಡೀ ಚೀಲ ಮೈಗೆ ಅಂಟಿಕೊಂಡು. ಪ್ರವಾಸದ ಬ್ಯಾಗಿಗೂ ಈ ಮೂರು ಸೂತ್ರಗಳೇ ಸಾಕು.

ಇವತ್ತಿನ ಅಂಗಡಿಗಳಲ್ಲಿ ಈ ಸೂತ್ರಗಳಿಗೆ ಹತ್ತಿರವಾಗಿರುವುದು ಅಡ್ಡಪಟ್ಟಿಯ ಸಣ್ಣ ಬ್ಯಾಗ್, ಅಂದರೆ ಒಂದು ಹೆಗಲಿನಿಂದ ಇನ್ನೊಂದು ಸೊಂಟದ ಕಡೆಗೆ ಎದೆಗೆ ಅಡ್ಡಲಾಗಿ ಹಾಕಿಕೊಳ್ಳುವ ಸ್ಲಿಂಗ್ ಬ್ಯಾಗ್. ಮೊಬೈಲ್, ಪರ್ಸ್, ಕನ್ನಡಕ, ಮಾತ್ರೆ, ಒಂದು ಸಣ್ಣ ನೀರಿನ ಬಾಟಲಿ ಹಿಡಿಸಿದರೆ ಒಬ್ಬರಿಗೆ ಅಷ್ಟು ಸಾಕು. ಪಟ್ಟಿಯನ್ನು ಮೋಟು ಮಾಡಿ ಬ್ಯಾಗ್ ಸೊಂಟದ ಮೂಳೆಗಿಂತ ಸ್ವಲ್ಪ ಮೇಲೆ, ಹೊಟ್ಟೆಯ ಪಕ್ಕಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ತೊಡೆಯವರೆಗೆ ಇಳಿಬಿಟ್ಟ ಬ್ಯಾಗ್ ನಡೆಯುವಾಗ ಹಿಂದಕ್ಕೆ ಜಾರುತ್ತದೆ. ಹಿಂದಕ್ಕೆ ಜಾರಿದ ಮೇಲೆ ಅದು ನಮ್ಮ ಕಣ್ಣಳತೆಯಲ್ಲಿ ಇರುವುದಿಲ್ಲ.

ಮಕ್ಕಳಿದ್ದರೆ, ಕ್ಯಾಮೆರಾ ಇದ್ದರೆ, ಬುತ್ತಿ ಕಟ್ಟಿಕೊಂಡು ಹೋಗುವುದಾದರೆ ಬೆನ್ನ ಮೇಲಿನ ಬ್ಯಾಗೇ ಬೇಕು, ಒಂದೇ ಹೆಗಲಿಗೆ ಅಷ್ಟು ಭಾರ ಹಾಕಬಾರದು. ಆಗಲೂ 10ರಿಂದ 15 ಲೀಟರ್ ಹಿಡಿಸುವುದನ್ನು ದಾಟಬೇಡಿ. ದೊಡ್ಡ ಬ್ಯಾಗ್ ಕೊಂಡರೆ ಅದನ್ನು ತುಂಬಿಸದೆ ಮನಸ್ಸು ಕೇಳುವುದಿಲ್ಲ. ಲೀಟರ್ ನೀರೆಂದರೆ ಒಂದು ಕಿಲೋ. ಅದರ ಜೊತೆಗೆ ಕ್ಯಾಮೆರಾ, ಪವರ್ ಬ್ಯಾಂಕ್, ಛತ್ರಿ ಸೇರಿದರೆ ಮಧ್ಯಾಹ್ನದ ಹೊತ್ತಿಗೆ ಹೆಗಲು ಇಳಿಯುತ್ತದೆ, ಬ್ಯಾಗೂ ಇಳಿಯುತ್ತದೆ. ಬೆನ್ನಿಗೆ ತಾಗುವ ಬದಿಯಲ್ಲಿ ಜಿಪ್ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಹಾಕಿಕೊಂಡಿರುವಾಗ ಅದನ್ನು ಯಾರೂ ತೆರೆಯಲಾರರು. ರಶ್ಶಿನಲ್ಲಿ ಬ್ಯಾಗನ್ನು ಎದೆಯ ಮೇಲೆ ಹಾಕಿಕೊಳ್ಳುವುದು ಮುಂಬೈ ಲೋಕಲ್ ರೈಲಿನವರಿಗೆ ದಿನದ ರೂಢಿ. ನಾವೂ ಅದಕ್ಕೆ ಸಂಕೋಚಪಡಬೇಕಿಲ್ಲ. ಬಾಯಿ ತೆರೆದುಕೊಂಡೇ ಇರುವ, ಒಂದೇ ಹೆಗಲಿಗೆ ನೇತಾಡುವ ಬ್ಯಾಗುಗಳನ್ನು ಮಾತ್ರ ಮನೆಯಲ್ಲೇ ಬಿಡಿ.

ಬಾಲ್‌ಪೆನ್ನಿನ ಮುಂದೆ ಸೋಲುವ ಜಿಪ್

ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಜಿಪ್. ನೈಲಾನ್ ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ನಿನ ಮೊನೆ ಇಟ್ಟು ಒತ್ತಿದರೆ ಅದು ಬಾಯಿ ಬಿಡುತ್ತದೆ. ಅಲ್ಲಿಂದ ಎಷ್ಟುದ್ದ ಬೇಕೋ ಅಷ್ಟುದ್ದ ಬಿಚ್ಚಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ರನ್ನರನ್ನು ಒಮ್ಮೆ ಅತ್ತಿತ್ತ ಎಳೆದರೆ ಹಲ್ಲುಗಳು ಮತ್ತೆ ಕೂಡಿಕೊಂಡು ಏನೂ ಆಗಿಲ್ಲವೆಂಬಂತೆ ಕಾಣುತ್ತವೆ. ಎರಡು ರನ್ನರುಗಳನ್ನು ಸೇರಿಸಿ ಪುಟ್ಟ ಬೀಗ ಹಾಕಿದ್ದರೂ ಇಷ್ಟೇ ಕಥೆ. ಹಾಗೆಂದು ಬೀಗ, ಕ್ಲಿಪ್ಪು ದಂಡವಲ್ಲ. ಗುಂಪಿನಲ್ಲಿ ಕೈ ಹಾಕುವವನಿಗೆ ಇರುವ ಸಮಯ ಕೆಲವೇ ಕ್ಷಣ. ರನ್ನರನ್ನು ಹಿಡಿದಿಡುವ ಒಂದು ಹುಕ್ಕು, ಜಿಪ್ಪಿನ ಮೇಲೊಂದು ಮುಚ್ಚುಪಟ್ಟಿ, ಮುಚ್ಚಿದಾಗ ರನ್ನರ್ ಹೊಟ್ಟೆಯ ಕಡೆಗೆ ಬಂದು ನಿಲ್ಲುವ ಜೋಡಣೆ ಆ ಸಮಯವನ್ನು ಅವನಿಂದ ಕಿತ್ತುಕೊಳ್ಳುತ್ತವೆ. ಅವನು ಪಕ್ಕದ ಸುಲಭದ ಬ್ಯಾಗಿನತ್ತ ಸರಿಯುತ್ತಾನೆ.

ಬ್ಲೇಡ್ ಹಾಕುವವರ ಭಯಕ್ಕೆ ಪಟ್ಟಿಯೊಳಗೆ ಉಕ್ಕಿನ ತಂತಿ, ಬಟ್ಟೆಯೊಳಗೆ ಲೋಹದ ಬಲೆ ಇಟ್ಟು ಹೊಲಿದ ಬ್ಯಾಗುಗಳು ಬಂದಿವೆ. ಬೆಲೆಯೂ ಹೆಚ್ಚು, ತೂಕವೂ ಹೆಚ್ಚು. ರೈಲು, ಬಸ್ಸು, ಜಾತ್ರೆಗಳಿಗೆ ಅವು ಒಳ್ಳೆಯವೇ. ಆದರೆ ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯಂಥ ಕಡೆ ಬೈಕಿನಲ್ಲಿ ಬಂದು ಬ್ಯಾಗ್ ಕಿತ್ತುಕೊಂಡು ಹೋಗುವವರಿದ್ದಾರೆ. ಅಲ್ಲಿ ತುಂಡಾಗದ ಪಟ್ಟಿ ಮೈಗೆ ಅಡ್ಡಲಾಗಿದ್ದರೆ ಬ್ಯಾಗಿನ ಜೊತೆ ಮನುಷ್ಯರೂ ರಸ್ತೆಗೆ ಬೀಳುತ್ತಾರೆ. ಅಂಥ ಊರುಗಳಲ್ಲಿ ಫುಟ್‌ಪಾತಿನ ಒಳಬದಿಯಲ್ಲಿ ನಡೆಯಿರಿ, ಬ್ಯಾಗ್ ಗೋಡೆಯ ಕಡೆಗಿರಲಿ. ಎಳೆದದ್ದು ಗೊತ್ತಾದರೆ ಜಗ್ಗಾಡದೆ ಬಿಟ್ಟುಬಿಡಿ.

ಕಾರ್ಡಿನ ಮಾಹಿತಿ ಗಾಳಿಯಲ್ಲೇ ಕದಿಯುತ್ತಾರೆ, ಅದಕ್ಕೆ ಆರ್‌ಎಫ್‌ಐಡಿ ತಡೆ ಇರುವ ಬ್ಯಾಗೇ ಬೇಕು ಎಂದು ಮಾರುವವರೂ ಇದ್ದಾರೆ. ಟ್ಯಾಪ್ ಮಾಡಿ ಹಣ ಕೊಡುವ ಕಾರ್ಡುಗಳು ಕೆಲಸ ಮಾಡುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ನಮ್ಮಲ್ಲಿ ಪಿನ್ ಇಲ್ಲದೆ ಟ್ಯಾಪ್ ಮಾಡುವುದಕ್ಕೆ 2021ರಿಂದ 5000 ರೂಪಾಯಿಯ ಮಿತಿಯಿದೆ, ಆ ಸೌಲಭ್ಯವನ್ನೇ ಬ್ಯಾಂಕಿನ ಆ್ಯಪ್‌ನಲ್ಲಿ ಆಫ್ ಮಾಡಿಡಲೂಬಹುದು. ಆರ್‌ಎಫ್‌ಐಡಿ ತಡೆಗೆಂದು ಕೊಡುವ ಹೆಚ್ಚುವರಿ ದುಡ್ಡನ್ನು ಗಟ್ಟಿ ಹೊಲಿಗೆಗೆ ಕೊಡಿ.

ಹೊಲಿಗೆ ನೋಡುವುದು ಹೀಗೆ: ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ ಬೇಡ, ಚೌಕದೊಳಗೆ ಅಡ್ಡಡ್ಡ ಎರಡು ಗೆರೆ ಹಾಕಿ ಹೊಲಿದಿದ್ದರೆ ಅದು ಭಾರ ತಡೆಯುತ್ತದೆ. ಪಟ್ಟಿಯ ಕೊಂಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಬ್ಯಾಗ್ ರಿಪೇರಿ ಮಾಡುವವರಲ್ಲಿ ಲೋಹದ್ದು ಹಾಕಿಸಿಕೊಳ್ಳಬಹುದು. ಒಳಗಿನ ಲೈನಿಂಗ್ ತಿಳಿಬಣ್ಣದ್ದಾಗಿರಲಿ. ಕಪ್ಪು ಲೈನಿಂಗಿನೊಳಗೆ ಕಪ್ಪು ಪರ್ಸ್ ಹುಡುಕುತ್ತ ಬ್ಯಾಗಿನ ಬಾಯಿ ತೆರೆದುಕೊಂಡು ನಿಲ್ಲುವುದು ಕಳ್ಳರಿಗೆ ಒಳಗಿನದನ್ನೆಲ್ಲ ತೋರಿಸಿದಂತೆ.

ಊರು ಕೇಳುವ ಬ್ಯಾಗ್

ಬ್ಯಾಗ್ ಆರಿಸುವ ಮೊದಲು ಹೋಗುವ ಜಾಗವನ್ನು ನೆನೆಸಿಕೊಳ್ಳಬೇಕು. ಚಿತ್ರದುರ್ಗದ ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿಯೊಳಗೆ ನುಸುಳಬೇಕಾದರೆ ಬೆನ್ನ ಮೇಲಿನ ಉಬ್ಬಿದ ಬ್ಯಾಗ್ ಬಂಡೆಗೆ ಸಿಕ್ಕಿಕೊಳ್ಳುತ್ತದೆ; ಇಳಿಸಿ ಯಾರ ಕೈಗೋ ಕೊಡಬೇಕು. ಎದೆಗಂಟಿದ ಸ್ಲಿಂಗ್ ಬ್ಯಾಗ್ ನಿಮ್ಮ ಜೊತೆಯೇ ನುಸುಳುತ್ತದೆ. ವಿಜಯಪುರದ ಗೋಲಗುಮ್ಮಟದ ಮೂಲೆಯ ಗೋಪುರಗಳ ಕಡಿದಾದ ಕಿರುಮೆಟ್ಟಿಲುಗಳಲ್ಲಿ ಹತ್ತುವವರು, ಇಳಿಯುವವರು ಒಬ್ಬರಿಗೊಬ್ಬರು ತಾಗಿಕೊಂಡೇ ಸಾಗಬೇಕು, ಅಲ್ಲೂ ಇದೇ ಮಾತು. ಶ್ರವಣಬೆಳಗೊಳದಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವಾಗ ಕೈ ಖಾಲಿ ಇದ್ದಷ್ಟೂ ಒಳ್ಳೆಯದು.

ಧರ್ಮಸ್ಥಳದಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ದೇವರ ದರ್ಶನಕ್ಕೆ ಹೋಗುತ್ತಾರೆ. ಅಂಗಿಯ ಜೊತೆಗೆ ಜೇಬೂ ಹೋಯಿತು, ಆ ಜೇಬಿನಲ್ಲಿದ್ದದ್ದಕ್ಕೆ ಬೇರೆ ನೆಲೆ ಬೇಕು. ಮಡಿಸಿದ ಅಂಗಿಯೊಂದು ಹಿಡಿಸುವಷ್ಟು ಜಾಗ ಬ್ಯಾಗಿನಲ್ಲಿರಲಿ. ತಿರುಮಲದ ದರ್ಶನದ ಸಾಲಿಗೆ ಮೊಬೈಲನ್ನೂ ಲಗೇಜನ್ನೂ ಬಿಡುವುದಿಲ್ಲ. ದೆಹಲಿಯ ಅಕ್ಷರಧಾಮದಲ್ಲೂ ಬ್ಯಾಗ್, ಮೊಬೈಲ್ ಹೊರಗೇ ಒಪ್ಪಿಸಬೇಕು. ಇಂಥ ಕಡೆ ಬ್ಯಾಗನ್ನು ರೂಮಿನಲ್ಲೇ ಬಿಟ್ಟು ಬೇಕಾದಷ್ಟು ದುಡ್ಡು, ಒಂದು ಗುರುತಿನ ಚೀಟಿ ಮಾತ್ರ ಸೊಂಟದಲ್ಲಿಟ್ಟುಕೊಂಡು ಹೋದರೆ ಕೌಂಟರಿನ ಸಾಲಿನಲ್ಲಿ ನಿಲ್ಲುವ ಹೊತ್ತೂ ಉಳಿಯುತ್ತದೆ.

ತಾಜ್‌ಮಹಲಿನೊಳಗೆ ದೊಡ್ಡ ಬ್ಯಾಗ್, ತಿಂಡಿ, ಟ್ರೈಪಾಡ್ ಬಿಡುವುದಿಲ್ಲ. ಸಣ್ಣ ಪರ್ಸ್, ಮೊಬೈಲ್, ಕ್ಯಾಮೆರಾ, ನೀರಿನ ಬಾಟಲಿಗೆ ಅಡ್ಡಿಯಿಲ್ಲ. ವ್ಯಾಟಿಕನ್ ಮ್ಯೂಸಿಯಮ್ಮುಗಳಲ್ಲಿ 40 x 35 x 15 ಸೆಂಟಿಮೀಟರ್ ಮೀರಿದ ಬ್ಯಾಗನ್ನು ಕ್ಲೋಕ್‌ರೂಮಿಗೆ ಕೊಡಬೇಕು. ಮನೆಯಲ್ಲೇ ಒಮ್ಮೆ ಟೇಪ್ ಹಿಡಿದು ಅಳೆದರೆ ಗೇಟಿನ ಮುಂದೆ ತಕರಾರಿಲ್ಲ. ಮೆಟ್ರೊ ನಿಲ್ದಾಣಗಳ ಎಕ್ಸ್‌ರೇ ಬೆಲ್ಟಿನ ಮೇಲೆ ಬ್ಯಾಗ್ ಇಡುವ ಮುನ್ನ ತಪಾಸಣೆಯ ಸಾಲಿನಲ್ಲಿ ನಿಮ್ಮ ಸರದಿ ಹತ್ತಿರವಾಗಿದೆಯೇ ನೋಡಿ. ಬ್ಯಾಗ್ ಮುಂದೆ ಹೋಗಿ, ನೀವು ಹಿಂದೆ ಉಳಿಯಬಾರದು.

ಇನ್ನು ಕೋತಿಗಳು. ಬಾದಾಮಿಯ ಗುಹೆಗಳ ಮೆಟ್ಟಿಲುಗಳಲ್ಲಿ, ಆನೆಗುಂದಿಯ ಅಂಜನಾದ್ರಿ ಬೆಟ್ಟದಲ್ಲಿ ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಅವು ಹಾಜರ್. ಬ್ಯಾಗಿನ ಹೊರಜೇಬಿನಲ್ಲಿ ಕಾಣುವಂತೆ ಸಿಕ್ಕಿಸಿದ ಜ್ಯೂಸ್ ಬಾಟಲಿ ಅವುಗಳ ಪಾಲಾಯಿತೆಂದೇ ತಿಳಿಯಿರಿ. ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳು ಪ್ರವಾಸಿಗರ ವಸ್ತು ಕಿತ್ತುಕೊಂಡು, ತಿನ್ನಲು ಕೊಟ್ಟರೆ ಮಾತ್ರ ಹಿಂದಿರುಗಿಸುತ್ತವೆ. ಮನುಷ್ಯರಿಗೆ ಯಾವ ವಸ್ತು ಹೆಚ್ಚು ಬೆಲೆಯದು ಎಂಬುದನ್ನು ದೊಡ್ಡ ಕೋತಿಗಳು ಬಲ್ಲವು, ಅದನ್ನೇ ಆರಿಸಿ ಕದಿಯುತ್ತವೆ ಎಂದು ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಕೋತಿಗಳಿರುವ ಕಡೆ ತಿಂಡಿ ಬೇಡವೇ ಬೇಡ. ಬಾಟಲಿ, ಕನ್ನಡಕ ಒಳಗಿರಲಿ, ಜಿಪ್ ಪೂರ್ತಿ ಹಾಕಿರಲಿ.

ಮಳೆಗಾಲದಲ್ಲಿ ಜೋಗಕ್ಕೋ ಆಗುಂಬೆಗೋ ಹೊರಟವರು ‘ವಾಟರ್‌ಪ್ರೂಫ್’ ಎಂಬ ಚೀಟಿಯನ್ನು ನಂಬಿ ಕೂರಬಾರದು. ಬಟ್ಟೆ ನೀರು ತಡೆದರೂ ಜಿಪ್ಪಿನಿಂದ, ಹೊಲಿಗೆಯ ತೂತುಗಳಿಂದ ನೀರು ಒಳಗಿಳಿಯುತ್ತದೆ. ಮೊಬೈಲ್, ದುಡ್ಡು, ಕಾಗದಗಳನ್ನು ಜಿಪ್‌ಲಾಕ್ ಕವರಿನಲ್ಲಿಟ್ಟು ಆಮೇಲೆ ಬ್ಯಾಗಿಗೆ ಹಾಕಿ.

ಎಲ್ಲವೂ ಒಂದೇ ಬ್ಯಾಗಿನಲ್ಲಿ ಬೇಡ

ಎಷ್ಟೇ ಒಳ್ಳೆಯ ಬ್ಯಾಗ್ ಆದರೂ ಅದು ಹೋಗಬಹುದು ಎಂದುಕೊಂಡೇ ತುಂಬಿಸಬೇಕು. ಆ ದಿನದ ಖರ್ಚಿನ ದುಡ್ಡು ಮಾತ್ರ ಪರ್ಸಿನಲ್ಲಿರಲಿ. ಉಳಿದ ದುಡ್ಡು, ಇನ್ನೊಂದು ಕಾರ್ಡು, ವಿದೇಶದಲ್ಲಾದರೆ ಪಾಸ್‌ಪೋರ್ಟ್, ಬಟ್ಟೆಯೊಳಗೆ ಕಟ್ಟಿಕೊಳ್ಳುವ ತೆಳು ಪೌಚಿನಲ್ಲಿ ಅಥವಾ ರೂಮಿನ ಲಾಕರಿನಲ್ಲಿರಲಿ. ಡ್ರೈವಿಂಗ್ ಲೈಸೆನ್ಸ್, ಆಧಾರ್ ಡಿಜಿಲಾಕರಿನಲ್ಲಿ ಇರುವಾಗ ಎಲ್ಲ ಕಾರ್ಡುಗಳನ್ನೂ ಪರ್ಸಿಗೆ ತುರುಕಿಕೊಳ್ಳಬೇಕಿಲ್ಲ. ಒಂದು ಮೂಲ ಗುರುತಿನ ಚೀಟಿಯನ್ನು ಮಾತ್ರ ಮೊಬೈಲಿನಿಂದ ಬೇರೆ ಜಾಗದಲ್ಲಿಡಿ, ಎರಡೂ ಒಟ್ಟಿಗೆ ಹೋಗಬಾರದು. ಮನೆಮಂದಿಯೆಲ್ಲ ಹೋಗುವಾಗ ಎಲ್ಲರ ಮೊಬೈಲ್, ಎಲ್ಲರ ದುಡ್ಡು ಅಮ್ಮನ ಬ್ಯಾಗಿಗೆ ಸೇರುವ ಅಭ್ಯಾಸವನ್ನಂತೂ ಬಿಡಲೇಬೇಕು. ಇಡೀ ದಿನ ಆ ಬ್ಯಾಗ್ ಕಾಯುವುದರಲ್ಲೇ ಆಕೆಯ ಪ್ರವಾಸ ಮುಗಿದುಹೋಗುತ್ತದೆ. ಆಕೆಯೂ ನೋಡುವುದಕ್ಕೇ ಬಂದಿದ್ದಾಳೆ.

ಹೊರಡುವ ಮುನ್ನ ಮೊಬೈಲಿನಲ್ಲಿ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ. ಅಕಸ್ಮಾತ್ ಮೊಬೈಲ್ ಹೋದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು, ಯುಪಿಐ ನಿಲ್ಲಿಸಿ, ಸಿಮ್ ಬ್ಲಾಕ್ ಮಾಡಿಸಿ, ಪೊಲೀಸರಿಗೆ ದೂರು ಕೊಡಿ. ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆ ಇದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಮೂಲಕ ಆ ಮೊಬೈಲ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ಮಾಡಬಹುದು. ವಿದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ ಅಲ್ಲಿನ ಪೊಲೀಸರ ದೂರಿನ ಪ್ರತಿಯೊಂದಿಗೆ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು; ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಕಡೆ ಇಟ್ಟಿದ್ದರೆ ಆ ಕೆಲಸ ಬೇಗ ಆಗುತ್ತದೆ.

ಹೊಸ ಬ್ಯಾಗ್ ಕೊಂಡವರು ಅದನ್ನು ನೇರ ಪ್ರವಾಸಕ್ಕೆ ಒಯ್ಯಬೇಡಿ. ಪ್ರವಾಸಕ್ಕೆ ಒಯ್ಯುವುದನ್ನೆಲ್ಲ ತುಂಬಿಸಿ, ನೀರಿನ ಬಾಟಲಿ ಸಮೇತ, ವಾರದ ಸಂತೆಗೋ ಮಾರ್ಕೆಟ್ಟಿಗೋ ಹಾಕಿಕೊಂಡು ಹೋಗಿ. ತರಕಾರಿ ಆರಿಸಿ, ದುಡ್ಡು ಕೊಡಿ, ಚಿಲ್ಲರೆ ಇಸಿದುಕೊಳ್ಳಿ, ಹೋಟೆಲಿನಲ್ಲಿ ಕಾಫಿ ಕುಡಿಯಿರಿ, ಫೋನ್ ಬಂದರೆ ಮಾತಾಡಿ. ಎಲ್ಲಿ ಇಳಿಸಬೇಕೆನಿಸಿತು, ಯಾವುದಕ್ಕಾಗಿ ತಡಕಾಡಿದಿರಿ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮನೆಗೆ ಬಂದು ಬ್ಯಾಗ್ ಬರಿದು ಮಾಡಿ. ಒಮ್ಮೆಯೂ ಹೊರತೆಗೆಯದ ವಸ್ತುಗಳಲ್ಲಿ ಔಷಧಿಯನ್ನೂ ಮಳೆಯ ಕವರನ್ನೂ ಉಳಿಸಿಕೊಂಡು ಮಿಕ್ಕದ್ದನ್ನು ಕಪಾಟಿಗೆ ಹಾಕಿ. ಅಷ್ಟಾದ ಮೇಲೂ ಹೆಗಲು ನೋಯುತ್ತಿದ್ದರೆ ಬ್ಯಾಗ್ ಬದಲಿಸಿ. ಅದಕ್ಕೆ ಖರ್ಚಾಗುವ ದುಡ್ಡು ಇಡೀ ಪ್ರವಾಸದ ಖರ್ಚಿನಲ್ಲಿ ಸಣ್ಣದೊಂದು ಪಾಲು, ಆದರೆ ನೋಡಲು ಹೋದದ್ದನ್ನು ನೆಮ್ಮದಿಯಾಗಿ ನೋಡಿಬರುತ್ತೀರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.