ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡ: ಔಷಧಿಯಷ್ಟೇ ಅಗತ್ಯ ತಿಳುವಳಿಕೆ

ಸಕ್ಕರೆ ಕಾಯಿಲೆ ಇರುವವರಲ್ಲಿ ಮೂತ್ರಪಿಂಡದ ವಿಚಾರ ಕೇಳಿದರೆ ‘ನೋವೇನೂ ಇಲ್ಲ’ ಎನ್ನುತ್ತಾರೆ. ಆದರೆ ಈ ರೋಗ ಆರಂಭದಲ್ಲಿ ನೋವು ಕೊಡುವುದೇ ಇಲ್ಲ. ಕಾಲು ಬಾತು, ಉಸಿರು ಕಟ್ಟುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಬಹುಪಾಲು ಕುಂದಿರುತ್ತದೆ.

ಮೂತ್ರಪಿಂಡದೊಳಗಿನ ಸೂಕ್ಷ್ಮ ರಕ್ತನಾಳಗಳು ಜರಡಿಯಂತೆ ರಕ್ತವನ್ನು ಸೋಸುತ್ತವೆ. ಸಕ್ಕರೆ ಮತ್ತು ರಕ್ತದೊತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಈ ಜರಡಿ ಹಾಳಾಗಿ, ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಸೋರತೊಡಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಬೇಕು. ಬೇಗ ಗೊತ್ತಾದರೆ ರೋಗದ ವೇಗ ತಗ್ಗಿಸುವ ಔಷಧಿಗಳು ಇಂದು ಲಭ್ಯವಿವೆ.

ಔಷಧಿ ಬರೆದುಕೊಡುವುದು ವೈದ್ಯರು. ಅದನ್ನು ರೋಗಿಯ ದಿನಚರಿಗೆ ಹೊಂದಿಸಿ ತಿಳಿಹೇಳುವುದು ದಾದಿಯರು. ರಾಯಚೂರು ಜಿಲ್ಲೆಯ ಸಿಂಧನೂರನ್ನೇ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸೀಮೆಯದು. ದಿನವಿಡೀ ಬಗ್ಗಿ ನಾಟಿ ಮಾಡುವವರಿಗೆ ಮೈಕೈ ನೋವು ತಪ್ಪಿದ್ದಲ್ಲ. ಅಂತಹವರು ವೈದ್ಯರನ್ನು ಕೇಳದೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆ ನುಂಗಿದರೆ ದುರ್ಬಲ ಮೂತ್ರಪಿಂಡಕ್ಕೆ ಮತ್ತಷ್ಟು ಪೆಟ್ಟು. ಬಿಸಿಲಲ್ಲಿ ದುಡಿದು ಮೈಯ ನೀರು ಬತ್ತಿದಾಗಲಂತೂ ಅಪಾಯ ಹೆಚ್ಚು. ನಮ್ಮ ಕರಾವಳಿಯ ಮೀನುಗಾರರಿಗೂ ಈ ಮಾತು ಅನ್ವಯಿಸುತ್ತದೆ.

ಮನೆಯವರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಮೂತ್ರಪಿಂಡ ಸೋತಂತೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಆಗ ಸಕ್ಕರೆ ತಾನಾಗಿ ಇಳಿಯಬಹುದು. ‘ಕಾಯಿಲೆ ವಾಸಿಯಾಯಿತು’ ಎಂದು ಸಂತೋಷಪಡುವ ಬದಲು ಕೂಡಲೇ ವೈದ್ಯರನ್ನು ಕಾಣಬೇಕು. ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಮುಂದುವರಿಸಿದರೆ ರೋಗಿ ಪ್ರಜ್ಞೆ ತಪ್ಪುವ ಸಂಭವವಿದೆ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿದ ಕೈಯಲ್ಲಿ ರಕ್ತದೊತ್ತಡ ನೋಡಬಾರದು, ಅದಕ್ಕೆ ಚುಚ್ಚುಮದ್ದು ಕೊಡಬಾರದು, ಆ ಕೈಯಲ್ಲಿ ಭಾರ ಎತ್ತಬಾರದು.

ರೋಗಿಗಳನ್ನು ಭೇಟಿಯಾಗುವ ನಾವು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಒಯ್ಯುವುದುಂಟು. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಮಿತಿಮೀರಿದರೆ ಹೃದಯ ಬಡಿತವೇ ಏರುಪೇರಾದೀತು. ಏನು ತರಬಹುದೆಂದು ಮನೆಯವರನ್ನು ಮೊದಲೇ ಕೇಳೋಣ. ಅದಕ್ಕಿಂತ ಮಿಗಿಲಾಗಿ, ‘ಈ ವರ್ಷ ಮೂತ್ರ ಪರೀಕ್ಷೆ ಆಯಿತೇ?’ ಎಂದು ನಮ್ಮ ವಾರ್ಡಿನ ಪ್ರತಿಯೊಬ್ಬ ಸಕ್ಕರೆ ಕಾಯಿಲೆಯವರನ್ನೂ ವಿಚಾರಿಸೋಣ. ಆಗದಿದ್ದರೆ ಜೊತೆಗೆ ಕರೆದೊಯ್ಯೋಣ.