ಟ್ಯಾಂಕಿನ ಮೇಲಿನ ಲ್ಯಾಕರ್: ಉಜ್ಜೋಕಿಂತ ಮೊದಲ ಇದನ್ನ ಕೇಳ್ರಿ

ಇವತ್ತಿನ ಪ್ರಶ್ನೆ: ಟ್ಯಾಂಕಿಗೆ ಹೊಸ ಪೇಂಟ್ ಹೊಡಿಸಿದ್ರೂ ಅದು ಕನ್ನಡಿ ಹಂಗ ಯಾಕ ಹೊಳೆಯೂದಿಲ್ಲ?

ಬಣ್ಣದ ಮೇಲೆ ಒಂದು ಪಾರದರ್ಶಕ ಪದರ ಇರುತ್ತದೆ. ಅದಕ್ಕೆ ಕ್ಲಿಯರ್ ಕೋಟ್ ಅಂತಾರೆ, ನಮ್ಮ ಪೇಂಟರ್‌ಗಳ ಬಾಯಲ್ಲಿ ಲ್ಯಾಕರ್. ಗನ್ನಿನಿಂದ ಹೊಡೆದಾಗ ಅದು ಸಮ ಹರಡದಿದ್ದರೆ ಕಿತ್ತಳೆ ಸಿಪ್ಪೆಯಂಗ ತಗ್ಗು-ದಿಣ್ಣೆ ಉಳಿಯುತ್ತವೆ. ನವಲಗುಂದದ ನೀಲಮ್ಮನ ಕೆರೆ ನೋಡ್ರಿ. ಗಾಳಿ ಇಲ್ಲದಾಗ ಆಕಾಶ ಸ್ವಚ್ಛ ಕಾಣತೈತಿ, ತೆರಿ ಎದ್ದಾಗ ಒಡದು ಹೋಗತೈತಿ. ಇಲ್ಲೂ ಅದೇ ಲೆಕ್ಕ.

ಆ ದಿಣ್ಣೆ ತೆಗೆಯೋದೇ ವೆಟ್ ಸ್ಯಾಂಡಿಂಗ್. ಆದರೆ ಕಂಪನಿ ಲ್ಯಾಕರ್ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನಾನು ಬಿ.ಕಾಂ. ಓದಿದಾಂವ, ಹಿಂಗ ಹೇಳತೇನಿ: ಇದು ಬರೇ ವಿತ್‌ಡ್ರಾ ಮಾಡೋ ಖಾತೆ, ಡೆಪಾಸಿಟ್ ಇಲ್ಲ.

ಮೊದಲು ಗಾಡಿ ತೊಳೀರಿ. ಎರಿ ಹೊಲದ ಧೂಳು, ಉಸುಕು ಒಂದು ಕಣ ಉಳಿದರೂ ಪೇಪರಿನ ಕೆಳಗೆ ಸಿಕ್ಕು ಗೀರು ಹಾಕುತ್ತದೆ. ಬಿಸಿಲು ಬ್ಯಾಡ, ನೆರಳಿನಾಗ ಮಾಡ್ರಿ. ವಾಟರ್ ಪೇಪರ್ ಸ್ವಲ್ಪ ಹೊತ್ತು ನೆನೆಸಿ, ನೀರಿಗೆ ಎರಡು ಹನಿ ಶಾಂಪೂ ಹಾಕ್ರಿ. ಸಪಾಟ ಜಾಗದಲ್ಲಿ ಬರೇ ಬೆರಳಿನಿಂದ ಒತ್ತಬೇಡಿ, ರಬ್ಬರ್ ಬ್ಲಾಕಿಗೆ ಪೇಪರ್ ಸುತ್ತಿ. 1500 ನಂಬರಿನಿಂದ ಶುರು, ಆಮೇಲೆ 2000, ಕೊನೆಗೆ 3000. ಪ್ರತಿ ನಂಬರಿಗೂ ದಿಕ್ಕು ಬದಲಿಸಿ: ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಹಿಂದಿನ ಗೀರು ಹೋದವೋ ಇಲ್ಲೋ ಆಗ ಗೊತ್ತಾಗತೈತಿ.

ನಡುನಡುವೆ ಒರೆಸಿ ನೋಡ್ರಿ. ಹಾಲಿನಂಥ ಬಿಳಿ ನೀರು ಬಂದ್ರ ಲ್ಯಾಕರ್ ತೆಗೀಲಿಕ್ಕತ್ತೀರಿ. ಗಾಡಿ ಬಣ್ಣನ ನೀರಿನಾಗ ಬಂದ್ರ ಅಲ್ಲೇ ನಿಲ್ಲಸ್ರಿ. ಒಂದೋ ಲ್ಯಾಕರ್ ಮುಗೀತು, ಇಲ್ಲಾ ಆ ಗಾಡಿಗೆ ಲ್ಯಾಕರ್ರೇ ಇಲ್ಲ.

ನಾ ಕಲಿತಿದ್ದು ಕೆಡಿಸಿಕೊಂಡ ಮ್ಯಾಲೆ. ಅವಸರಕ್ಕೆ 1000 ನಂಬರ್ ಹಿಡಿದು ಟ್ಯಾಂಕಿನ ಅಂಚು ಉಜ್ಜಿದೆ. ಅಂಚಿನಲ್ಲಿ ಪದರ ತೆಳು ಇರುತ್ತದೆ, ಒತ್ತಡ ಜಾಸ್ತಿ ಬೀಳುತ್ತದೆ. ನಾಲ್ಕೇ ಸಲಕ್ಕೆ ಬಣ್ಣ ಹೋಗಿ ಪ್ರೈಮರ್ ಕಂಡಿತು. ಉಳಿಸಬೇಕಂದ ರೊಕ್ಕದ ಎರಡರಷ್ಟು ಹೋತು. ನೀವು ಅಂಚಿಗೆಲ್ಲಾ ಟೇಪ್ ಹಚ್ಚಿಬಿಡ್ರಿ.

ಉಜ್ಜಿದ ಮೇಲೆ ಮೈ ಮಬ್ಬಾಗುತ್ತದೆ, ಗಾಬರಿ ಬ್ಯಾಡ. ಫೋಮ್ ಪ್ಯಾಡಿಗೆ ರಬ್ಬಿಂಗ್ ಕಾಂಪೌಂಡ್, ಆಮೇಲೆ ಸಣ್ಣ ಪಾಲಿಶ್, ಕೊನೆಗೆ ವ್ಯಾಕ್ಸ್. ಮಷೀನ್ ಒಂದೇ ಕಡೆ ನಿಲ್ಲಿಸಿದರೆ ಕಾವಿಗೆ ಲ್ಯಾಕರ್ ಸುಡುತ್ತದೆ.

ಕಡೀ ಮಾತು. ಬಿಸಿಲಿನ ನೇರಳಾತೀತ ಕಿರಣದಿಂದ ಬಣ್ಣ ಕಾಯೋದು ಇದೇ ಲ್ಯಾಕರ್. ಅತಿಯಾಗಿ ತೆಗೆದರೆ ಇವತ್ತು ಹೊಳಪು, ನಾಳೆ ಸಿಪ್ಪೆ. ಉಗುರಿಗೆ ಸಿಗೋ ಗೀರನ್ನ ಪೂರ್ತಿ ಅಳಿಸಾಕ ಹೋಗಬ್ಯಾಡ್ರಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಹೊಳಪು ನೋಡಿ ಮರುಳಾಗಬ್ಯಾಡ್ರಿ, ಅಂಚು ನೋಡ್ರಿ. ಬರ್ತೇನ್ರಿ, ಮುಂದಿನ ಕಂತಿನಾಗ ಸಿಗೋಣು.